ಮಹಾಮಾರಿಗಳೂ ರಾಷ್ಟ್ರಗಳ ಸಹಕಾರವೂ

ಒಂದು ಊರಿನಲ್ಲೋ ಒಂದು ಸೀಮೆಯಲ್ಲೋ ಒಂದೇ ರೋಗ ಅನೇಕರಿಗೆ ಒಮ್ಮೆಲೇ ತಗಲಿದರೆ ಅದನ್ನು ಸಾಂಕ್ರಾಮಿಕವೆಂದು ಕರೆಯುವುದು ವಾಡಿಕೆ. ಅದೇ ರೋಗ ಗಡಿಗಳನ್ನೂ ಕಡಲುಗಳನ್ನೂ ದಾಟಿ ಹಲವು ಖಂಡಗಳಿಗೆ ಹಬ್ಬಿದರೆ ಅದು ಮಹಾಮಾರಿಯೆನಿಸುತ್ತದೆ. ರಾಜ್ಯಗಳ ಎಲ್ಲೆಗಳು ಮನುಷ್ಯನು ನಕ್ಷೆಯ ಮೇಲೆ ಎಳೆದ ಗೆರೆಗಳು; ರೋಗಾಣುವಿಗೆ ಅವು ಕಾಣಿಸವು. ರಹದಾರಿಯಿಲ್ಲದೆ, ಸುಂಕ ಕೊಡದೆ, ಅದು ಮನುಷ್ಯನ ಮೈಯೊಳಗೇ ಕುಳಿತು ಪ್ರಯಾಣಮಾಡುತ್ತದೆ. ಆದುದರಿಂದ ಯಾವ ದೇಶವೂ ತಾನೊಂದೇ ನಿಂತು ಮಹಾಮಾರಿಯನ್ನು ಎದುರಿಸಲಾರದು ಎಂಬ ಮಾತನ್ನು ಯಾರಾದರೂ ಒಪ್ಪುತ್ತಾರೆ. ಆದರೆ ಎಲ್ಲರೂ ಒಪ್ಪುವ ಈ ಮಾತನ್ನು ಆಚರಣೆಗೆ ತರುವ ಪ್ರಯತ್ನ ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆಯುತ್ತ ಬಂದಿದೆ, ಇನ್ನೂ ಪೂರೈಸಿಲ್ಲ. ಇದಕ್ಕೆ ಕಾರಣವೇನು? ಈ ನಡುವೆ ಪ್ರಪಂಚ ಕಲಿತ ಪಾಠಗಳಾವುವು? ಅದನ್ನು ಇಲ್ಲಿ ವಿಚಾರಮಾಡೋಣ.

ಸುದ್ದಿಯ ಬೆಲೆ

ಮೊದಲು ಒಂದು ಸಣ್ಣ ಲೆಕ್ಕ. ಒಂದೂರಿನಲ್ಲಿ ಹೊಸ ರೋಗವೊಂದು ಹತ್ತು ಮಂದಿಗೆ ತಗಲಿದೆಯೆಂದು ಇಟ್ಟುಕೊಳ್ಳಿ. ರೋಗಿಗಳ ಸಂಖ್ಯೆ ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತದೆಂದೂ ಭಾವಿಸೋಣ. ಮೂರನೆಯ ದಿನಕ್ಕೆ ೨೦, ಆರನೆಯ ದಿನಕ್ಕೆ ೪೦, ಒಂಬತ್ತನೆಯ ದಿನಕ್ಕೆ ೮೦. ಇಲ್ಲಿಯವರೆಗೆ ಊರಿನವರು ಗಾಬರಿಪಡುವಂಥದೇನೂ ಕಾಣುವುದಿಲ್ಲ. ಇಪ್ಪತ್ತೊಂದನೆಯ ದಿನಕ್ಕೆ, ಏಳು ಸಲ ಇಮ್ಮಡಿಯಾಗಿ, ೧,೨೮೦. ಮೂವತ್ತನೆಯ ದಿನಕ್ಕೆ, ಹತ್ತು ಸಲ ಇಮ್ಮಡಿಯಾಗಿ, ೧೦,೨೪೦. ಕೊನೆಯ ಒಂಬತ್ತೇ ದಿನಗಳಲ್ಲಿ ಸಂಖ್ಯೆ ಎಂಟು ಪಟ್ಟು ಬೆಳೆಯಿತೆಂಬುದನ್ನು ಗಮನಿಸಬೇಕು. ನಿಜವಾದ ರೋಗ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ರೋಗ ಬಂದು ಗುಣವಾದವರು ಹೆಚ್ಚಿದಂತೆ, ಜನರು ಎಚ್ಚರಗೊಂಡಂತೆ, ಅದರ ವೇಗ ಕುಗ್ಗುತ್ತದೆ. ಆದರೂ ಮೊದಮೊದಲಿನ ಬೆಳವಣಿಗೆಯ ರೀತಿ ಇದೇ.

ಹತ್ತಿಪ್ಪತ್ತು ರೋಗಿಗಳನ್ನು ಪ್ರತ್ಯೇಕವಾಗಿ ಇರಿಸಿ ಆರೈಕೆಮಾಡಲು ಒಂದು ತಾಲ್ಲೂಕು ಆಸ್ಪತ್ರೆ ಸಾಕು. ಹತ್ತು ಸಾವಿರ ಮಂದಿಗೆ ಇಡೀ ಜಿಲ್ಲೆಯ ಆಸ್ಪತ್ರೆಗಳೆಲ್ಲ ಸೇರಿದರೂ ಸಾಲವು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವನ ಸ್ಥಿತಿ ಆಗ ವೈದ್ಯನಿಗೆ ಒದಗುತ್ತದೆ. ರೋಗ ಹೊಸದಾಗಿದ್ದು ಅದಕ್ಕೆ ಔಷಧವಾಗಲಿ ಲಸಿಕೆಯಾಗಲಿ ಇಲ್ಲದಿರುವಾಗ, ಹೊತ್ತಿಗೆ ಸರಿಯಾಗಿ ಬಂದ ಸುದ್ದಿಯೇ ಮೊದಲ ಮದ್ದು. ಆದರೆ ಸುದ್ದಿಯನ್ನು ಹೊರಗೆಡಹುವ ದೇಶಕ್ಕೆ ಅದರಿಂದ ನಷ್ಟವೂ ಉಂಟು. ಅದರ ಹಡಗುಗಳನ್ನು ಯಾರೂ ಬರಗೊಡರು. ಅದರ ಸರಕನ್ನು ಯಾರೂ ಕೊಳ್ಳರು. ಅಲ್ಲಿಗೆ ಪ್ರವಾಸಿಗರು ಹೋಗರು. ಲಾಭ ಪ್ರಪಂಚಕ್ಕೆಲ್ಲ, ನಷ್ಟ ಹೇಳಿದವನೊಬ್ಬನಿಗೆ! ಮಹಾಮಾರಿಗಳ ಎದುರು ರಾಷ್ಟ್ರಗಳು ನಡೆಸಿದ ಸಹಕಾರದ ಇತಿಹಾಸವೆಂದರೆ ಈ ಒಂದು ಗಂಟನ್ನು ಬಿಡಿಸಲು ನಡೆದ ಪ್ರಯತ್ನಗಳ ಇತಿಹಾಸ.

ನಲವತ್ತು ದಿನಗಳ ಕಾವಲು

ಹಿಂದಿನ ಕಾಲದಲ್ಲಿ ದೇಶಗಳಿಗೆ ತಿಳಿದಿದ್ದ ಉಪಾಯ ಬಾಗಿಲು ಮುಚ್ಚುವುದೊಂದೇ. ಹದಿನಾಲ್ಕನೆಯ ಶತಮಾನದ ನಡುವೆ ಪ್ಲೇಗು ಯೂರೋಪನ್ನು ಹಾಳುಗೆಡವಿದ ತರುವಾಯ, ಏಡ್ರಿಯಾಟಿಕ್ ಸಮುದ್ರದ ತೀರದಲ್ಲಿದ್ದ ರಗೂಸಾ ಎಂಬ ವ್ಯಾಪಾರನಗರವು ೧೩೭೭ರಲ್ಲಿ ಒಂದು ಕಟ್ಟಳೆ ಮಾಡಿತು. ರೋಗವಿರುವ ಸೀಮೆಯಿಂದ ಬಂದವರು ಊರೊಳಗೆ ಕಾಲಿಡುವ ಮುನ್ನ ಹೊರಗೆ ಮೂವತ್ತು ದಿನ ಕಳೆಯಬೇಕು ಎಂಬುದೇ ಆ ಕಟ್ಟಳೆ. ಮುಂದೆ ಈ ಅವಧಿ ನಲವತ್ತು ದಿನಗಳಿಗೆ ಏರಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಾಂತ’ ಎನ್ನುತ್ತಾರೆ. ಕ್ವಾರಂಟೈನ್ ಎಂಬ ಮಾತು ಹುಟ್ಟಿದ್ದು ಹೀಗೆ.

ಕ್ವಾರಂಟೈನು ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಆದರೆ ಒಂದೊಂದು ಬಂದರಿನದೂ ಒಂದೊಂದು ನಿಯಮ. ಒಂದೆಡೆ ಕೆಲವೇ ದಿನ ತಡೆದರೆ ಇನ್ನೊಂದೆಡೆ ವಾರಗಟ್ಟಳೆ ತಡೆಯುತ್ತಿದ್ದರು. ಅಷ್ಟರಲ್ಲಿ ಹಡಗಿನ ಸರಕು ಕೊಳೆಯುತ್ತಿತ್ತು. ಹೀಗಾಗಿ ಹಡಗಿನ ಯಜಮಾನನು ತನ್ನ ರೋಗಿಯನ್ನು ಮರೆಮಾಡುವುದೂ, ಬಂದರಿನ ಅಧಿಕಾರಿಯು ತನ್ನ ಊರಿನಲ್ಲಿ ರೋಗವೇ ಇಲ್ಲವೆಂದು ಬರೆದುಕೊಡುವುದೂ ಲಾಭದ ಕೆಲಸಗಳಾದವು. ರೋಗವನ್ನು ತಡೆಯಲು ಹೂಡಿದ ಕಾವಲೇ ರೋಗದ ಸುದ್ದಿಯನ್ನು ಮುಚ್ಚಿಡಲು ಪ್ರೇರಣೆಯಾಯಿತು.

ಕಾಲರಾ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗೂ ರೈಲೂ ಬಂದು ಮನುಷ್ಯನ ಪ್ರಯಾಣ ತ್ವರಿತವಾಯಿತು. ರೋಗದ ಪ್ರಯಾಣವೂ ತ್ವರಿತವಾಯಿತು. ವಾಂತಿಭೇದಿಯೆಂದು ನಮ್ಮಲ್ಲಿ ಹೆಸರಾದ ಕಾಲರಾ ೧೮೧೭ರಲ್ಲಿ ಬಂಗಾಳದಲ್ಲಿ ಉಲ್ಬಣಿಸಿ ಏಷ್ಯದಲ್ಲೆಲ್ಲ ಹಬ್ಬಿತು. ಅದರ ಎರಡನೆಯ ಅಲೆ ೧೮೩೦ರ ಬಳಿಕ ರಷ್ಯ, ಇಂಗ್ಲೆಂಡು, ಫ್ರಾನ್ಸುಗಳನ್ನು ಮುಟ್ಟಿತು. ಕೊನೆಗೆ ೧೮೫೧ರ ಜುಲೈ ತಿಂಗಳಲ್ಲಿ ಹನ್ನೆರಡು ರಾಷ್ಟ್ರಗಳು ಪ್ಯಾರಿಸಿನಲ್ಲಿ ಸಭೆ ಸೇರಿದವು. ಪ್ರತಿಯೊಂದು ರಾಷ್ಟ್ರವೂ ಒಬ್ಬ ವೈದ್ಯನನ್ನೂ ಒಬ್ಬ ರಾಜತಂತ್ರಜ್ಞನನ್ನೂ ಕಳುಹಿಸಿತು. ಆರೋಗ್ಯದ ವಿಷಯಕ್ಕಾಗಿಯೇ ರಾಷ್ಟ್ರಗಳು ಕೂಡಿದ ಮೊದಲನೆಯ ಸಮ್ಮೇಳನ ಇದೇ. ಆರು ತಿಂಗಳ ಚರ್ಚೆಯಾಯಿತು. ಆದರೆ ಅದರಿಂದ ಹುಟ್ಟಿದ ಒಪ್ಪಂದ ಜಾರಿಗೆ ಬರಲಿಲ್ಲ.

ಇದಕ್ಕೆ ಎರಡು ಕಾರಣಗಳು. ಮೊದಲನೆಯದು ಅಜ್ಞಾನ. ಕಾಲರಾ ಮನುಷ್ಯನಿಂದ ಮನುಷ್ಯನಿಗೆ ಬರುವುದೆಂದು ಕೆಲವರು, ಕೊಳೆತ ವಸ್ತುಗಳಿಂದೇಳುವ ಕೆಟ್ಟ ಗಾಳಿಯಿಂದ ಬರುವುದೆಂದು ಕೆಲವರು ವಾದಿಸುತ್ತಿದ್ದರು. ರೋಗದ ದಾರಿಯೇ ತಿಳಿಯದಿದ್ದಾಗ ಯಾವ ದಾರಿಗೆ ಬೇಲಿ ಹಾಕುವುದು? ಲಂಡನ್ನಿನ ಜಾನ್ ಸ್ನೋ ೧೮೫೪ರಲ್ಲಿ ಒಂದು ಬೀದಿಯ ನೀರಿನ ಪಂಪಿಗೂ ಸುತ್ತಲಿನ ಸಾವುಗಳಿಗೂ ಇದ್ದ ಸಂಬಂಧವನ್ನು ತೋರಿಸಿಕೊಟ್ಟನು. ಅದೇ ವರ್ಷ ಫ್ಲಾರೆನ್ಸಿನ ಫಿಲಿಪ್ಪೊ ಪಾಚೀನಿ ಸೂಕ್ಷ್ಮದರ್ಶಕದಲ್ಲಿ ಆ ರೋಗದ ಜೀವಾಣುವನ್ನೇ ಕಂಡನು. ಇಬ್ಬರ ಮಾತಿಗೂ ಆಗ ಸಲ್ಲಬೇಕಾದ ಮನ್ನಣೆ ಸಿಕ್ಕಲಿಲ್ಲ. ಜರ್ಮನಿಯ ರಾಬರ್ಟ್ ಕಾಖ್ ೧೮೮೩-೮೪ರಲ್ಲಿ ಈಜಿಪ್ಟಿನಲ್ಲೂ ಕಲ್ಕತ್ತೆಯಲ್ಲೂ ಪರಿಶೋಧನೆ ನಡೆಸಿದ ಮೇಲೆ ರೋಗಾಣುವಿನ ವಿಷಯ ಗಟ್ಟಿಯಾಯಿತು.

ಎರಡನೆಯ ಕಾರಣ ವ್ಯಾಪಾರ. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಭಾರತದಿಂದ ಯೂರೋಪಿಗೆ ಹೋಗುವ ಹಡಗುಗಳು ಆ ದಾರಿ ಹಿಡಿದವು. ಅವುಗಳಲ್ಲಿ ಹೆಚ್ಚಿನವು ಬ್ರಿಟಿಷರವು. ಹಡಗುಗಳನ್ನು ತಡೆಯುವ ನಿಯಮವೆಂದರೆ ಬ್ರಿಟಿಷ್ ಸರಕಾರಕ್ಕೆ ಒಗ್ಗುತ್ತಿರಲಿಲ್ಲ. ಕಾಖನ ಮತವನ್ನೂ ಅದು ಬಹುಕಾಲ ಅನುಮಾನದಿಂದಲೇ ನೋಡಿತು. ಕಡೆಗೆ ೧೮೯೨ರಲ್ಲಿ ವೆನಿಸಿನಲ್ಲಿ ನಡೆದ ಏಳನೆಯ ಸಮ್ಮೇಳನದಲ್ಲಿ ಮೊದಲ ಒಪ್ಪಂದವಾಯಿತು. ಅದೂ ಸೂಯೆಜ್ ಕಾಲುವೆಯಲ್ಲಿ ಕಾಲರಾ ತಡೆಯುವಷ್ಟಕ್ಕೇ ಸೀಮಿತ. ಮೊದಲ ಸಭೆಗೂ ಮೊದಲ ಒಪ್ಪಂದಕ್ಕೂ ನಡುವೆ ನಲವತ್ತೊಂದು ವರ್ಷಗಳು ಸಂದಿದ್ದವು. ಕಾರಣ ತಿಳಿಯದೆ ಒಪ್ಪಂದವಾಗದು, ತಿಳಿದರೂ ಪ್ರತಿಯೊಬ್ಬರ ಹಿತಕ್ಕೆ ದಾರಿಮಾಡದೆ ಒಪ್ಪಂದವಾಗದು ಎಂಬುದು ಕಾಲರಾ ಕಲಿಸಿದ ಪಾಠ.

ಬಚ್ಚಿಟ್ಟ ರೋಗಿ

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪ್ಲೇಗು ಮತ್ತೆ ತಲೆಯೆತ್ತಿತು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿದ್ದ ಈ ರೋಗ ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ರೈಲುಹಾದಿ ಹಿಡಿದು ಧಾರವಾಡ ಸೀಮೆಯನ್ನು ಹೊಕ್ಕಿತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೂ ಕಾಲಿಟ್ಟಿತು. ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ವಿಜ್ಞಾನಕ್ಕೆ ದೇಶಭೇದವಿಲ್ಲವೆಂಬುದಕ್ಕೆ ಈ ಪ್ಲೇಗಿನ ಕತೆಯೇ ನಿದರ್ಶನ. ಅದರ ರೋಗಾಣುವನ್ನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನ ಪರವಾಗಿ ಕೆಲಸಮಾಡುತ್ತಿದ್ದ ಅಲೆಕ್ಸಾಂಡರ್ ಯೆರ್ಸಿನ್. ಅದೇ ಸಮಯದಲ್ಲಿ ಜಪಾನಿನ ಕಿಟಸಾಟೋ ಸಹ ಅಲ್ಲೇ ಆ ಕಾರ್ಯದಲ್ಲಿ ತೊಡಗಿದ್ದನು. ಅದಕ್ಕೆ ಲಸಿಕೆಯನ್ನು ಮುಂಬಯಿಯಲ್ಲಿ ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡವನು ಅಂದಿನ ರಷ್ಯ ಸಾಮ್ರಾಜ್ಯದ ಒಡೆಸ್ಸಾದವನಾದ ವಾಲ್ಡೆಮಾರ್ ಹಾಫ್ಕಿನ್. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಒಯ್ಯುವುದೆಂದು ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿದವನು ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್. ಹಾಫ್ಕಿನನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಮೊದಲ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ೧೮೯೮ರಲ್ಲಿ ಅಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು.

ಹೀಗಿದ್ದರೂ ರೋಗ ನಿಲ್ಲಲಿಲ್ಲ. ಪ್ಲೇಗು ತಗಲಿದವರನ್ನು ಸರಕಾರದವರು ಬಲವಂತವಾಗಿ ಒಯ್ದು ಬೇರೆಡೆ ಇಡುತ್ತಿದ್ದರು. ಮನೆಯನ್ನು ಬರಿದುಮಾಡಿ ಸಾಮಾನುಗಳನ್ನು ಸುಡುತ್ತಿದ್ದರು. ಆದಕಾರಣ ಮನೆಮಂದಿ ರೋಗಿಯನ್ನು ಬಚ್ಚಿಡತೊಡಗಿದರು. ಸರಕಾರಕ್ಕೆ ಸುದ್ದಿ ತಲಪುವ ಹೊತ್ತಿಗೆ ರೋಗ ಪಕ್ಕದ ಓಣಿಗೆ ದಾಟಿರುತ್ತಿತ್ತು. ಆ ಮನೆಯವರನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ಬಂದರನ್ನು ಮುಚ್ಚಿಯಾರೆಂದು ಹೆದರಿ ಕಾಲರಾ ಸುದ್ದಿಯನ್ನು ಅಡಗಿಸುತ್ತಿದ್ದ ಸರಕಾರಗಳು ಮಾಡಿದ್ದೂ ಇದನ್ನೇ ಅಲ್ಲವೆ? ಹೇಳಿದವನಿಗೆ ದಂಡನೆ ಕಾದಿರುವಾಗ, ಗುಡಿಸಲಿನವನೂ ಒಂದೇ, ಸಾಮ್ರಾಜ್ಯವೂ ಒಂದೇ.

ನಿಜ ನುಡಿದವರಿಗೆ ಅಂಟಿದ ಹೆಸರು

೧೯೧೮ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಈ ಮಾತು ವಿಚಿತ್ರವಾದ ರೀತಿಯಲ್ಲಿ ರುಜುವಾತಾಯಿತು. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಹೋರಾಡುತ್ತಿದ್ದ ದೇಶಗಳು ತಮ್ಮ ಸೈನ್ಯಗಳಲ್ಲಿ ರೋಗವಿದೆಯೆಂಬ ವಾರ್ತೆ ಶತ್ರುವಿಗೆ ತಿಳಿಯಬಾರದೆಂದು ಪತ್ರಿಕೆಗಳ ಬಾಯಿ ಕಟ್ಟಿದ್ದವು. ಸ್ಪೇನು ತಟಸ್ಥ ರಾಷ್ಟ್ರ. ಅಲ್ಲಿನ ಪತ್ರಿಕೆಗಳು ಇದ್ದುದನ್ನು ಇದ್ದಂತೆ ಬರೆದವು. ಅದರ ಫಲವಾಗಿ ರೋಗಕ್ಕೆ ‘ಸ್ಪೇನಿನ ಜ್ವರ’ ಎಂಬ ಹೆಸರು ಅಂಟಿಕೊಂಡಿತು! ರೋಗ ಸ್ಪೇನಿನಲ್ಲಿ ಹುಟ್ಟಿತೆಂಬುದಕ್ಕೆ ಆಧಾರವಿಲ್ಲ. ಪ್ರಪಂಚದಲ್ಲಿ ಸುಮಾರು ಐದು ಕೋಟಿ ಜನ ಅದರಿಂದ ಸತ್ತರೆಂದು ಅಂದಾಜು. ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಹೋದರು. ಹೊಸ ರೋಗಗಳಿಗೆ ಊರಿನ, ದೇಶದ, ಜನಾಂಗದ ಹೆಸರಿಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚನೆ ಕೊಟ್ಟಿದ್ದು ೨೦೧೫ರಲ್ಲಿ. ಅದು ಬರಿಯ ಸೌಜನ್ಯದ ಮಾತೆಂದು ತಿಳಿಯಬಾರದು. ಹೆಸರಿನ ಕಳಂಕಕ್ಕೆ ಹೆದರಿ ಯಾರೂ ಸುದ್ದಿಯನ್ನು ಅಡಗಿಸದಿರಲಿ ಎಂಬುದೂ ಅದರ ಒಂದು ಪ್ರಯೋಜನ.

ಸಿಂಗಪುರದಿಂದ ಕೂನೂರಿನವರೆಗೆ

ಯುದ್ಧ ಮುಗಿದ ಮೇಲೆ ಹುಟ್ಟಿದ ರಾಷ್ಟ್ರಸಂಘವು ೧೯೨೫ರಲ್ಲಿ ಸಿಂಗಪುರದಲ್ಲಿ ಒಂದು ಕಚೇರಿಯನ್ನು ತೆರೆಯಿತು. ಏಷ್ಯದ ಬಂದರುಗಳು ತಮ್ಮಲ್ಲಿನ ರೋಗಗಳ ಲೆಕ್ಕವನ್ನು ವಾರವಾರವೂ ತಂತಿಯ ಮೂಲಕ ಅಲ್ಲಿಗೆ ಕಳುಹಿಸುತ್ತಿದ್ದವು. ಆ ಕಚೇರಿ ಅದನ್ನೆಲ್ಲ ಒಟ್ಟುಗೂಡಿಸಿ ರೇಡಿಯೋ ಮೂಲಕ ಎಲ್ಲರಿಗೂ ಸಾರುತ್ತಿತ್ತು. ಸುದ್ದಿ ಕೊಟ್ಟ ಬಂದರಿಗೆ ಬೇರೆ ಬಂದರುಗಳ ಸುದ್ದಿ ಸಿಗುತ್ತಿತ್ತು. ಕೊಡುವವನಿಗೆ ಪಡೆಯುವುದೂ ಇದ್ದಾಗ ಸಹಕಾರ ನಿಲ್ಲುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

೧೯೪೮ರ ಏಪ್ರಿಲ್ ೭ರಂದು ವಿಶ್ವ ಆರೋಗ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ೧೯೫೨ರಲ್ಲಿ ಅದು ಇನ್‌ಫ್ಲುಯೆಂಜಾ ರೋಗಕ್ಕಾಗಿಯೇ ಪ್ರಯೋಗಶಾಲೆಗಳ ಒಂದು ಜಾಲವನ್ನು ಹೆಣೆಯಿತು. ಈ ರೋಗದ ವೈರಸ್ ತನ್ನ ಹೊರರೂಪವನ್ನು ಮತ್ತೆ ಮತ್ತೆ ಬದಲಿಸುತ್ತದೆ. ಹಳೆಯ ಲಸಿಕೆ ಹೊಸ ರೂಪಕ್ಕೆ ನಾಟದು. ಆದುದರಿಂದ ಎಲ್ಲಿ ಯಾವ ರೂಪ ಹರಡುತ್ತಿದೆಯೆಂಬುದನ್ನು ವರ್ಷವಿಡೀ ನೋಡುತ್ತಿರಬೇಕು. ಭಾರತದಲ್ಲಿ ಈ ಜಾಲದ ಕೇಂದ್ರ ನೀಲಗಿರಿಯ ಕೂನೂರಿನ ಪಾಸ್ಟರ್ ಸಂಸ್ಥೆಯಲ್ಲಿತ್ತು.

ಜಾಲಕ್ಕೆ ಬೇಗನೆ ಪರೀಕ್ಷೆ ಒದಗಿತು. ೧೯೫೭ರ ಮೊದಲ ತಿಂಗಳುಗಳಲ್ಲಿ ಚೀನದಲ್ಲಿ ಹೊಸ ರೂಪದ ಇನ್‌ಫ್ಲುಯೆಂಜಾ ಹರಡಿತು. ಚೀನದ ಮುಖ್ಯಭೂಮಿಯ ಸರಕಾರಕ್ಕೆ ಆಗ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸ್ಥಾನವಿರಲಿಲ್ಲ. ಏಪ್ರಿಲಿನಲ್ಲಿ ರೋಗ ಹಾಂಗ್‌ಕಾಂಗಿಗೆ ಬಂದ ಬಳಿಕವೇ ಹೊರಗಿನವರಿಗೆ ತಿಳಿಯಿತು. ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲೆಮನ್‌ಗೆ ಅದರ ಸುಳಿವು ಸಿಕ್ಕಿದ್ದು ದಿನಪತ್ರಿಕೆಯಿಂದ. ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನೊಂದಿಗೆ ರೋಗ ಮದರಾಸಿಗೆ ಬಂದಿತು. ಬಲೆ ಎಷ್ಟು ಚೆನ್ನಾಗಿದ್ದರೂ ಒಂದು ಕಡೆ ಹರಿದಿದ್ದರೆ ಮೀನು ಅಲ್ಲಿಂದಲೇ ನುಸುಳುತ್ತದೆ. ರಾಜಕೀಯದ ಜಗಳಕ್ಕಾಗಿ ಒಂದು ದೇಶವನ್ನು ಆರೋಗ್ಯದ ಜಾಲದಿಂದ ಹೊರಗಿಟ್ಟರೆ ಶಿಕ್ಷೆಯಾಗುವುದು ಎಲ್ಲರಿಗೂ.

ಸಾವಿರ ರೂಪಾಯಿಯ ಬಹುಮಾನ

ಜಗಳವಿದ್ದರೂ ಕೂಡಿ ದುಡಿಯಬಹುದೆಂಬುದಕ್ಕೆ ಸಿಡುಬಿನ ನಿರ್ಮೂಲನ ಸಾಕ್ಷಿ. ಸಿಡುಬನ್ನು ಪ್ರಪಂಚದಿಂದಲೇ ತೊಡೆದುಹಾಕೋಣವೆಂದು ೧೯೫೮ರಲ್ಲಿ ಸೂಚಿಸಿದವನು ಸೋವಿಯತ್ ರಷ್ಯದ ವಿಕ್ಟರ್ ಝ್ದಾನೊವ್. ೧೯೬೭ರಲ್ಲಿ ತೀವ್ರಗೊಂಡ ಆ ಕಾರ್ಯವನ್ನು ಮುನ್ನಡೆಸಿದವನು ಅಮೆರಿಕದ ಡಿ. ಎ. ಹೆಂಡರ್‌ಸನ್. ಎರಡು ದೇಶಗಳು ಒಂದರ ಮೇಲೊಂದು ಅಣುಬಾಂಬು ಗುರಿಯಿಟ್ಟುಕೊಂಡಿದ್ದ ಕಾಲವದು. ಆದರೂ ಸೋವಿಯತ್ ಒಕ್ಕೂಟವು ಒಣಗಿಸಿಟ್ಟ ಲಸಿಕೆಯನ್ನು ಕೋಟಿಗಟ್ಟಳೆ ಪ್ರಮಾಣದಲ್ಲಿ ದಾನಮಾಡಿತು.

ನಮ್ಮ ವಿಷಯಕ್ಕೆ ಮುಖ್ಯವಾದುದು ಭಾರತದಲ್ಲಿ ನಡೆದ ಕೊನೆಯ ಘಟ್ಟ. ಕಾರ್ಯಕರ್ತರು ಮನೆಮನೆಗೆ, ಸಂತೆಗೆ, ಜಾತ್ರೆಗೆ ಹೋಗಿ ಸಿಡುಬಿನ ರೋಗಿಯ ಚಿತ್ರವನ್ನು ತೋರಿಸಿ ವಿಚಾರಿಸುತ್ತಿದ್ದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವೆಂದು ಸಾರಲಾಯಿತು. ರೋಗ ವಿರಳವಾದಂತೆ ಬಹುಮಾನ ಹೆಚ್ಚುತ್ತ ಹೋಗಿ ಒಂದು ಸಾವಿರ ರೂಪಾಯಿಗೆ ಮುಟ್ಟಿತು. ಪ್ಲೇಗಿನ ಕಾಲದಲ್ಲಿ ಸುದ್ದಿ ಹೇಳಿದ ಮನೆಗೆ ದಂಡನೆ. ಸಿಡುಬಿನ ಕಾಲದಲ್ಲಿ ಸುದ್ದಿ ಹೇಳಿದವನಿಗೆ ಬಹುಮಾನ. ಫಲದಲ್ಲಿಯೂ ಅಷ್ಟೇ ಅಂತರವಾಯಿತು. ೧೯೭೫ರಲ್ಲಿ ಭಾರತದಿಂದಲೂ, ೧೯೭೭ರಲ್ಲಿ ಸೊಮಾಲಿಯದ ಕೊನೆಯ ರೋಗಿಯೊಂದಿಗೆ ಪ್ರಪಂಚದಿಂದಲೂ ಸಿಡುಬು ಮರೆಯಾಯಿತು. ೧೯೮೦ರ ಮೇ ತಿಂಗಳಲ್ಲಿ ಇದನ್ನು ವಿಧ್ಯುಕ್ತವಾಗಿ ಸಾರಲಾಯಿತು.

ಹೊಸ ನಿಯಮಗಳು

ಆದರೆ ರಾಷ್ಟ್ರಗಳ ನಡುವಣ ನಿಯಮಗಳು ಹಳೆಯ ಜಾಡಿನಲ್ಲೇ ಉಳಿದಿದ್ದವು. ೧೯೬೯ರ ನಿಯಮಾವಳಿಯಂತೆ, ಸಿಡುಬು ಹೋದ ಮೇಲೆ, ಕಡ್ಡಾಯವಾಗಿ ವರದಿಮಾಡಬೇಕಾದ ರೋಗಗಳು ಮೂರೇ: ಕಾಲರಾ, ಪ್ಲೇಗು, ಹಳದಿ ಜ್ವರ. ಹೊಸ ರೋಗ ಬಂದರೆ ಹೇಳಲೇಬೇಕೆಂಬ ಕಟ್ಟಳೆಯಿರಲಿಲ್ಲ. ಹೇಳಿದವರ ಗತಿಯಾದರೂ ಏನು? ೧೯೯೪ರಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿತೆಂಬ ವಾರ್ತೆ ಹರಡಿದೊಡನೆ ಹಲವು ದೇಶಗಳು ಭಾರತಕ್ಕೆ ವಿಮಾನಸಂಚಾರವನ್ನು ನಿಲ್ಲಿಸಿದವು. ಕೆಲವು ನಮ್ಮ ಸರಕನ್ನೂ ತಡೆದವು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ದೇಶಕ್ಕಾದ ನಷ್ಟ ಮಾತ್ರ ನೂರು ಕೋಟಿ ಡಾಲರಿಗೂ ಮಿಕ್ಕಿತೆಂದು ಅಂದಾಜಾಯಿತು. ಇದನ್ನು ಕಂಡ ಬೇರೆ ದೇಶಗಳು ಯಾವ ಪಾಠ ಕಲಿತಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

೨೦೦೨ರ ನವೆಂಬರಿನಲ್ಲಿ ದಕ್ಷಿಣ ಚೀನದಲ್ಲಿ ಸಾರ್ಸ್ ಎಂಬ ಹೊಸ ಶ್ವಾಸರೋಗ ಹುಟ್ಟಿತು. ಹೊರಗಿನವರಿಗೆ ಅದರ ವಿಷಯ ಸರಿಯಾಗಿ ತಿಳಿಯಲು ತಿಂಗಳುಗಳೇ ಹಿಡಿದವು. ಅದು ಸಾಧಾರಣ ಜ್ವರವಲ್ಲವೆಂದು ವಿಯೆಟ್ನಾಮಿನ ಹನೋಯ್ ನಗರದಲ್ಲಿ ಗುರುತಿಸಿ ಎಚ್ಚರಿಕೆ ಕೊಟ್ಟ ಇಟಲಿಯ ವೈದ್ಯ ಕಾರ್ಲೋ ಉರ್ಬಾನಿ ಅದೇ ರೋಗಕ್ಕೆ ೨೦೦೩ರ ಮಾರ್ಚಿನಲ್ಲಿ ಬಲಿಯಾದನು. ಸುದ್ದಿ ಹೊರಬಿದ್ದ ಮೇಲೆ ಕೆಲಸ ಬಿರುಸಾಯಿತು. ಹಲವು ದೇಶಗಳ ೧೧ ಪ್ರಯೋಗಶಾಲೆಗಳು ತಮ್ಮ ತಮ್ಮ ಪೈಪೋಟಿಯನ್ನು ಬದಿಗಿಟ್ಟು ದಿನದಿನವೂ ಫಲಿತಾಂಶಗಳನ್ನು ಹಂಚಿಕೊಂಡವು. ಒಂದೇ ತಿಂಗಳಲ್ಲಿ ರೋಗಕಾರಕವು ಒಂದು ಹೊಸ ಕೊರೋನಾ ವೈರಸ್ ಎಂದು ನಿಶ್ಚಯವಾಯಿತು. ಜುಲೈ ವೇಳೆಗೆ ರೋಗ ಹತೋಟಿಗೆ ಬಂದಿತು. ರೋಗ ತಗಲಿದವರು ಸುಮಾರು ೮,೧೦೦, ಸತ್ತವರು ೭೭೪. ಲಸಿಕೆಯಿಲ್ಲದೆ, ನಿರ್ದಿಷ್ಟವಾದ ಔಷಧವಿಲ್ಲದೆ, ಸುದ್ದಿಯಿಂದಲೂ ರೋಗಿಗಳನ್ನು ಪ್ರತ್ಯೇಕಿಸಿದ್ದರಿಂದಲೂ ಸಾಧಿಸಿದ ಜಯವಿದು.

ಈ ಅನುಭವದ ಫಲವಾಗಿ ೨೦೦೫ರಲ್ಲಿ ಹೊಸ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ರಚಿತವಾಗಿ ೨೦೦೭ರಲ್ಲಿ ಜಾರಿಗೆ ಬಂದವು. ಹೆಸರಿಸಿದ ಮೂರು ರೋಗಗಳಷ್ಟೇ ಅಲ್ಲದೆ, ಇತರ ದೇಶಗಳಿಗೆ ಅಪಾಯ ತರಬಹುದಾದ ಆರೋಗ್ಯಘಟನೆ ಯಾವುದೇ ಆಗಲಿ, ಅದನ್ನು ನಿರ್ಧರಿಸಿದ ೨೪ ಗಂಟೆಗಳೊಳಗೆ ತಿಳಿಯಪಡಿಸಬೇಕು. ಸರಕಾರ ಹೇಳದಿದ್ದರೂ, ಬೇರೆ ಮೂಲಗಳಿಂದ ಬಂದ ಸುದ್ದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ವಿಚಾರಿಸಬಹುದು. ಇತರರು ಅಗತ್ಯಕ್ಕೆ ಮೀರಿ ವ್ಯಾಪಾರವನ್ನೂ ಪ್ರಯಾಣವನ್ನೂ ತಡೆಯಬಾರದು. ಕೊನೆಯ ನಿಯಮ ಹೇಳಿದವನ ರಕ್ಷಣೆಗಾಗಿ ಇರುವಂಥದು. ಆದರೆ ಅದನ್ನು ಮೀರಿದವರಿಗೆ ಶಿಕ್ಷೆ ವಿಧಿಸುವ ಅಧಿಕಾರ ಯಾರಿಗೂ ಇಲ್ಲ.

ಮಾದರಿ ಕೊಟ್ಟವನ ಪಾಲು

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹಕ್ಕಿಜ್ವರದಿಂದ ಬಹಳ ನೊಂದ ಇಂಡೋನೇಷ್ಯವು ೨೦೦೭ರ ವೇಳೆಗೆ ವೈರಸ್ಸಿನ ಮಾದರಿಗಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿತು. ‘ನಮ್ಮ ರೋಗಿಗಳಿಂದ ತೆಗೆದ ವೈರಸ್ಸಿನಿಂದ ಶ್ರೀಮಂತ ದೇಶಗಳ ಕಂಪೆನಿಗಳು ಲಸಿಕೆ ಮಾಡುತ್ತವೆ; ಆ ಲಸಿಕೆಯನ್ನು ಕೊಳ್ಳುವ ಶಕ್ತಿ ನಮಗಿಲ್ಲ’ ಎಂಬುದು ಅದರ ವಾದದ ಸಾರ. ಬಿತ್ತಿದವನಿಗೆ ಬೆಳೆಯಲ್ಲಿ ಪಾಲಿಲ್ಲದಿದ್ದರೆ ಮುಂದಿನ ವರ್ಷ ಅವನು ಬೀಜ ಕೊಡುವನೆ? ನಾಲ್ಕು ವರ್ಷಗಳ ಮಾತುಕತೆಯ ಬಳಿಕ ೨೦೧೧ರಲ್ಲಿ, ಇನ್‌ಫ್ಲುಯೆಂಜಾ ವೈರಸ್ಸುಗಳ ಮಟ್ಟಿಗೆ, ಮಾದರಿಯನ್ನು ಹಂಚಿಕೊಳ್ಳುವುದಕ್ಕೂ ಅದರಿಂದಾಗುವ ಲಾಭವನ್ನು ಹಂಚಿಕೊಳ್ಳುವುದಕ್ಕೂ ಒಂದು ಏರ್ಪಾಡಾಯಿತು. ಬೇರೆ ವೈರಸ್ಸುಗಳಿಗೆ ಅಂಥ ಏರ್ಪಾಡು ಇರಲಿಲ್ಲ. ಕೋವಿಡ್ ಬಂದದ್ದು ಆ ಸ್ಥಿತಿಯಲ್ಲಿ.

ಕೋವಿಡ್: ಬೆಳಕೂ ನೆರಳೂ

೨೦೧೯ರ ಕೊನೆಯಲ್ಲಿ ಚೀನದ ವೂಹಾನ್ ನಗರದಲ್ಲಿ ಹೊಸ ಶ್ವಾಸರೋಗ ಕಾಣಿಸಿತು. ಸಹೋದ್ಯೋಗಿಗಳನ್ನು ಎಚ್ಚರಿಸಿದ ಲೀ ವೆನ್‌ಲಿಯಾಂಗ್ ಎಂಬ ತರುಣ ವೈದ್ಯನನ್ನು ಪೊಲೀಸರು ಕರೆಸಿ ಛೀಮಾರಿ ಹಾಕಿದರು. ಅದೇ ರೋಗ ತಗಲಿ ಆತನು ೨೦೨೦ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಆ ಛೀಮಾರಿಯನ್ನು ಹಿಂದಕ್ಕೆ ಪಡೆದರು. ಇದು ನೆರಳಿನ ಭಾಗ. ಇನ್ನು ಬೆಳಕು. ಶಾಂಘೈನ ಝಾಂಗ್ ಯೋಂಗ್‌ಝೆನ್ ಎಂಬ ವಿಜ್ಞಾನಿಯ ತಂಡವು ಈ ವೈರಸ್ಸಿನ ಸುಮಾರು ಮೂವತ್ತು ಸಾವಿರ ಅಕ್ಷರಗಳ ಆನುವಂಶಿಕ ಬರಹವನ್ನು, ಆಸ್ಟ್ರೇಲಿಯದ ಎಡ್ವರ್ಡ್ ಹೋಮ್ಸ್ ಮೂಲಕ, ೨೦೨೦ರ ಜನವರಿ ೧೧ರಂದು ಎಲ್ಲರಿಗೂ ತೆರೆದಿಟ್ಟಿತು. ಒಂದು ವೈರಸ್ ಸೀಸೆಯೂ ಕೈಗೆ ಬಾರದೆ, ಬರಿಯ ಈ ಬರಹದ ಆಧಾರದಿಂದ, ರೋಗಪತ್ತೆಯ ಪರೀಕ್ಷೆಗಳು ಕೆಲವೇ ದಿನಗಳಲ್ಲಿ ಸಿದ್ಧವಾದವು; ಲಸಿಕೆಯ ಕೆಲಸವೂ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಜನರಿಗೆ ಲಸಿಕೆ ಹಾಕತೊಡಗಿದರು. ಹಿಂದೆಂದೂ ಇಷ್ಟು ಬೇಗ ಹೊಸ ರೋಗಕ್ಕೆ ಲಸಿಕೆ ಬಂದುದಿಲ್ಲ.

ಔಷಧಗಳ ಪರೀಕ್ಷೆಯಲ್ಲೂ ಕೂಡಿ ದುಡಿದುದರ ಫಲ ಕಂಡಿತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧವು ಉಸಿರಾಟದ ಯಂತ್ರದ ಆಶ್ರಯದಲ್ಲಿದ್ದ ರೋಗಿಗಳ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸುವುದೆಂದು ೨೦೨೦ರ ಜೂನಿನಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ತೋರಿಸಿತು; ಅದರ ಪ್ರಯೋಜನ ಎಲ್ಲ ದೇಶಗಳಿಗೂ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಒಟ್ಟಿಗೆ ನಡೆಸಿದ ಪರೀಕ್ಷೆಯಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಸಾವನ್ನು ತಪ್ಪಿಸುವುದಿಲ್ಲವೆಂದು ಗೊತ್ತಾಯಿತು. ಯಾವುದು ಕೆಲಸಮಾಡುವುದಿಲ್ಲವೆಂದು ತಿಳಿಯುವುದೂ ಜ್ಞಾನವೇ.

ಆದರೆ ಲಸಿಕೆ ಹಂಚುವ ಹೊತ್ತಿಗೆ ರಾಷ್ಟ್ರಗಳು ಮತ್ತೆ ತಮ್ಮ ತಮ್ಮ ಮನೆಯ ಕಡೆಗೆ ತಿರುಗಿದವು. ಎಲ್ಲರಿಗೂ ಪಾಲು ಸಿಗಲೆಂದು ಕೋವ್ಯಾಕ್ಸ್ ಎಂಬ ಯೋಜನೆ ಹುಟ್ಟಿತ್ತು. ಅದಕ್ಕೆ ಪುಣೆಯ ಕಾರ್ಖಾನೆಯಿಂದ ಬರುವ ಲಸಿಕೆ ದೊಡ್ಡ ಆಧಾರವಾಗಿತ್ತು. ಶ್ರೀಮಂತ ದೇಶಗಳು ತಮ್ಮ ಜನಸಂಖ್ಯೆಗೆ ಬೇಕಾದುದಕ್ಕಿಂತ ಹೆಚ್ಚು ಲಸಿಕೆಯನ್ನು ಮೊದಲೇ ಕಾಯ್ದಿರಿಸಿಕೊಂಡವು. ೨೦೨೧ರ ವಸಂತದಲ್ಲಿ ಎರಡನೆಯ ಅಲೆ ನಮ್ಮನ್ನೇ ಮುಳುಗಿಸಿದಾಗ ಭಾರತವೂ ರಫ್ತನ್ನು ತಡೆಯಿತು. ಕೋವ್ಯಾಕ್ಸಿಗೆ ಕಳುಹಿಸುವುದು ಮತ್ತೆ ಆರಂಭವಾದದ್ದು ನವೆಂಬರಿನಲ್ಲಿ. ಆ ವರ್ಷ ಮುಗಿಯುವಾಗ ಅತ್ಯಂತ ಬಡದೇಶಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಲಸಿಕೆ ತಲಪಿರಲಿಲ್ಲ.

ಅದೇ ನವೆಂಬರಿನಲ್ಲಿ ಹಳೆಯ ಗಂಟು ಮತ್ತೆ ಕಾಣಿಸಿತು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ವೈರಸ್ಸಿನ ಹೊಸ ರೂಪವೊಂದನ್ನು ಪತ್ತೆಮಾಡಿ ೨೪ರಂದು ವಿಶ್ವ ಆರೋಗ್ಯ ಸಂಸ್ಥೆಗೆ ವರದಿಮಾಡಿದರು. ಎರಡು ದಿನಗಳಲ್ಲಿ ಅದಕ್ಕೆ ಒಮಿಕ್ರಾನ್ ಎಂಬ ಹೆಸರಾಯಿತು. ಅವರಿಗೆ ದೊರೆತ ಬಹುಮಾನ? ಹಲವು ದೇಶಗಳು ದಕ್ಷಿಣ ಆಫ್ರಿಕದಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಆದರೆ ಆ ವರದಿಗೆ ಮೊದಲೇ ನೆದರ್‌ಲೆಂಡಿನಲ್ಲಿ ತೆಗೆದಿದ್ದ ಮಾದರಿಗಳಲ್ಲಿ ಒಮಿಕ್ರಾನ್ ಇತ್ತೆಂದು ಆಮೇಲೆ ತಿಳಿಯಿತು. ಡಿಸೆಂಬರ್ ೨ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ವರದಿಯಾದವು. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋದವರೇ ಅಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಮುಚ್ಚಿದ ಬಾಗಿಲಿನ ಹಿಂದೆ ರೋಗ ಆಗಲೇ ಬಂದು ಕುಳಿತಿತ್ತು. ಬಾಗಿಲು ಮುಚ್ಚಿದ್ದರಿಂದ ಆದ ಮುಖ್ಯ ಫಲವೆಂದರೆ, ನಿಜ ಹೇಳಿದ ದೇಶಕ್ಕೆ ನಷ್ಟ.

ಕಲಿತುದೇನು, ಉಳಿದುದೇನು

೨೦೨೦ ಮತ್ತು ೨೦೨೧ರ ಎರಡೇ ವರ್ಷಗಳಲ್ಲಿ ಈ ಮಹಾಮಾರಿಯ ಕಾರಣದಿಂದ ಪ್ರಪಂಚದಲ್ಲಿ ಸುಮಾರು ಒಂದೂವರೆ ಕೋಟಿ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಅನುಭವದ ತರುವಾಯ ೨೦೨೫ರ ಮೇ ೨೦ರಂದು ಸದಸ್ಯರಾಷ್ಟ್ರಗಳು ಮಹಾಮಾರಿ ಒಪ್ಪಂದವೊಂದನ್ನು ಅಂಗೀಕರಿಸಿದವು. ರೋಗಾಣುಗಳ ಮಾದರಿಯನ್ನು ಹಂಚಿಕೊಂಡವರಿಗೆ ಲಸಿಕೆ, ಔಷಧಗಳಲ್ಲಿ ಪಾಲಿರಬೇಕೆಂಬ ತತ್ವಕ್ಕೆ ಅದರಲ್ಲಿ ಸ್ಥಾನ ದೊರಕಿತು. ಆ ಪಾಲಿನ ವಿವರಗಳನ್ನು ಮಾತ್ರ ಪ್ರತ್ಯೇಕವಾದ ಅನುಬಂಧಕ್ಕೆ ಬಿಡಲಾಯಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕವು ವಿಶ್ವ ಆರೋಗ್ಯ ಸಂಸ್ಥೆಯನ್ನು ಬಿಡುವುದಾಗಿ ಸಾರಿತ್ತು. ೧೯೫೭ರಲ್ಲಿ ಹರಿದ ಬಲೆಯ ನೆನಪು ಇಲ್ಲಿ ಬಾರದಿರದು.

ಇಷ್ಟನ್ನೂ ಒಟ್ಟುಗೂಡಿಸಿ ನೋಡಿದರೆ ಮೂರು ಮಾತುಗಳು ತೇಲಿಬರುತ್ತವೆ. ಮೊದಲನೆಯದು, ರೋಗದ ಸುದ್ದಿ ಎಷ್ಟು ಬೇಗ ಹೊರಬಿದ್ದರೆ ಅಷ್ಟು ಜೀವಗಳು ಉಳಿಯುತ್ತವೆ. ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುವ ಲೆಕ್ಕವನ್ನು ಯಾರೂ ಮರೆಯಬಾರದು. ಎರಡನೆಯದು, ಸುದ್ದಿ ಹೇಳಿದವನಿಗೆ ನಷ್ಟವಾಗಕೂಡದು. ಆದ ನಷ್ಟವನ್ನು ಉಳಿದವರು ಹೊರಬೇಕು. ಮೂರನೆಯದು, ಮಾದರಿ ಕೊಟ್ಟವನಿಗೆ ಮದ್ದಿನಲ್ಲಿ ಪಾಲಿರಬೇಕು. ಮೊದಲನೆಯದು ವಿಜ್ಞಾನದ ಮಾತು. ಅದನ್ನು ಪ್ರಪಂಚ ಚೆನ್ನಾಗಿ ಕಲಿತಿದೆ. ಉಳಿದೆರಡು ನ್ಯಾಯದ ಮಾತುಗಳು. ಅವನ್ನು ಕಲಿಯುವುದು ಇನ್ನೂ ಬಾಕಿಯಿದೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗಬಹುದು, ಪ್ರಯೋಗಶಾಲೆಗಳಲ್ಲಿ ದುಡಿಯಬಹುದು, ಅಧಿಕಾರಿಗಳಾಗಬಹುದು, ಪತ್ರಿಕೆಗಳಿಗೆ ಬರೆಯಬಹುದು. ಎಂದಾದರೊಮ್ಮೆ ಒಂದು ಸಣ್ಣ ಊರಿನ ಆಸ್ಪತ್ರೆಯಿಂದ, ಹೆಸರಿಲ್ಲದ ಜ್ವರವೊಂದರ ವರದಿ ಅವರ ಮೇಜಿಗೆ ಬಂದೀತು. ಆಗ ಆ ಊರಿನ ಹೆಸರು ಕೆಡುವುದೆಂದು ಅದನ್ನು ಬದಿಗೆ ಸರಿಸದೆ, ಬರೆದು ಕಳುಹಿಸಿದವನಿಗೆ ಉಪಕಾರ ಹೇಳಿ, ಅಂದೇ ಅದನ್ನು ಮುಂದಕ್ಕೆ ತಿಳಿಸುವುದು ಅವರ ಕರ್ತವ್ಯ. ರಾಷ್ಟ್ರಗಳ ಸಹಕಾರವೆಂಬ ದೊಡ್ಡ ಮಾತು ಮೊದಲಾಗುವುದು ಅಲ್ಲಿಂದಲೇ.